ಉಡಿಯಕ್ಕಿಯಲ್ಲಿ ಸಿಕ್ಕ ಉಂಗುರ

ಮೊಮ್ಮಗನ ನಿಶ್ಚಿತಾರ್ಥಕ್ಕೆಂದು ಹರಿಹರಕ್ಕೆ ಹೋದವಳು ಬೀಗರ ಮನೆಯಲ್ಲಿ ಉಂಗುರ ಕದ್ದೆ. ಎಲ್ಲರ ಕಣ್ಣೆದುರಿಗೇ. (ಉಂಗುರದ ಯಜಮಾನ ಪೇಪರ್ ಓದುವುದಿಲ್ಲ, ವಿಚಾರಿಸಿಕೊಂಡೇ ಬರೆಯುತ್ತಿದ್ದೇನೆ.)

ಮೊಮ್ಮಗ ರುದ್ರೇಶ ದಾವಣಗೆರೆಯ ಮಿಲ್ಲಿನಲ್ಲಿದ್ದಾನೆ. ಅವನಿಗೆ ಮ್ಯಾಜಿಕ್ ಹುಚ್ಚು. ಹೋದ ತಿಂಗಳು ಆನೆಕೊಂಡದಲ್ಲಿ ಶೋ ಕೊಟ್ಟ. ಮಾಯವಾಗಿದ್ದ ಉಂಗುರ ಶರ್ಟಿನ ತೋಳಿನಿಂದ ಟಣ್ ಎಂದು ಬಿತ್ತು! ನೋಡುತ್ತಿದ್ದವರಲ್ಲಿ ಹುಡುಗಿಯ ಸೋದರಮಾವನೂ ಇದ್ದ.

ಅವನು ಹೇಳಿ ಕಳಿಸಿದ: "ನಿಶ್ಚಿತಾರ್ಥದ ದಿನ ನನ್ ಮುಂದ ಮಾಡಿ ತೋರಿಸ್ಲಿ. ಸಿಕ್ಕಿಬಿದ್ರೆ ಈ ಹುಚ್ಚಾಟ ಅವತ್ತಿಗೆ ಬಿಡ್ಬೇಕು."

ಹುಡುಗನಿಗೆ ಅನ್ನ ಸೇರಲಿಲ್ಲ. ತೋಳಿಗೆ ಒಳಜೇಬು ಹೊಲಿಯಲು ಕೂತ.

"ಲೇ, ಅವ್ನು ತೋಳು ನೋಡಾಕಂತ್ಲೇ ಕುಂತಿರ್ತಾನೆ. ನೋಡ್ದಿರೋ ಕಡೆ ಇಡು," ಎಂದೆ.

"ಅಂಥ ಜಾಗ ಎಲ್ಲೈತಜ್ಜಿ?"

ಯಾಕಿಲ್ಲ? ಹುಡುಗಿಗೆ ಉಡಿ ತುಂಬುವವಳು ನಾನು. (ನಮ್ಮ ಮನೆಯ ಯಜಮಾನರು ಗಟ್ಟಿಯಾಗಿದ್ದಾರೆ, ಆ ಹಕ್ಕು ನನಗಿದೆ.) ಅವಳ ಸೆರಗಿನ ಹತ್ತಿರ ಮದುವೆಗೆ ಮುಂಚೆ ಗಂಡು ಸುಳಿಯುವಂತಿಲ್ಲ. ಟ್ರಿಕ್ ಎಂದರೆ ಇಷ್ಟೇ: ಜನ 'ಸಾಧ್ಯವೇ ಇಲ್ಲ' ಎಂದು ಮೊದಲೇ ತೀರ್ಮಾನಿಸಿದ ಜಾಗ ಹುಡುಕಬೇಕು.

ಕರ್ಚೀಫಿನ ಅಂಚಿನೊಳಗೆ ಬೇರೊಂದು ಉಂಗುರ ಹೊಲಿದುಕೊಟ್ಟೆ. ಆ ದಿನ ಮಾವ ತನ್ನ ಉಂಗುರ ಬಿಚ್ಚಿಕೊಟ್ಟ. ರುದ್ರೇಶ ಅದನ್ನು ಕರ್ಚೀಫಿನಲ್ಲಿ ಸುತ್ತಿದಂತೆ ಮಾಡಿ ಅವನ ಕೈಗೇ ಇಟ್ಟ. ಅಂಚಿನ ಉಂಗುರ ಗಟ್ಟಿಯಾಗಿ ಕೈಗೆ ಹತ್ತಿತು, ಮಾವ ಒಪ್ಪಿದ. ನಿಜವಾದದ್ದು ಹುಡುಗನ ಬೆರಳ ಸಂದಿಯಲ್ಲಿತ್ತು. ಆಶೀರ್ವಾದ ಬೇಡಿ ನನ್ನ ಕಾಲಿಗೆ ಬಿದ್ದ. ಎಬ್ಬಿಸುವಾಗ ಅದು ನನ್ನ ಅಂಗೈಗೆ ಬಂತು.

ಅಕ್ಕಿಯ ಜೊತೆ ಉಡಿಗೆ ಹಾಕಿದೆ. ನೋಡಿದರೆ, ಉಂಗುರ ಅಕ್ಕಿಯ ಮೇಲೇ ಕೂತು ಹೊಳೆಯುತ್ತಿದೆ! ಮಾವ ಇತ್ತ ಕತ್ತು ತಿರುಗಿಸಿದರೆ ಮುಗಿಯಿತು.

ಹುಡುಗಿ ಗಿರಿಜೆ ಅದನ್ನು ನೋಡಿದಳು. ನನ್ನನ್ನೂ ನೋಡಿದಳು. ಸೆರಗು ಸರಿಮಾಡುವವಳಂತೆ ಉಡಿಯನ್ನು ಒಂಚೂರು ಅಲುಗಿಸಿದಳು. ಉಂಗುರ ಅಕ್ಕಿಯೊಳಗೆ ಇಳಿಯಿತು. ಮುಖದ ಒಂದು ಗೆರೆ ಕದಲಲಿಲ್ಲ.

ಅಬ್ಬಾ! ಹೋದ ಜೀವ ಬಂತು.

ರುದ್ರೇಶ ಕರ್ಚೀಫನ್ನು ಜಗ್ಗಿ ಕೊಡವಿದ. ಖಾಲಿ. "ಉಡಿ ನೋಡ್ರಿ" ಎಂದ. ಗಿರಿಜೆ ಅಕ್ಕಿಯಿಂದ ಉಂಗುರ ತೆಗೆದಾಗ ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಎಲಾ ಇವ್ನ! ಅತ್ಲಾಗೆ ಹಾಯ್ಲೇ ಇಲ್ಲಲ್ರೀ! ಹೆಂಗೆ ಹೋತದು? ಆಯ್ತು, ಮಾಡ್ಕಳ್ಲಿ ಬಿಡ್ರಿ ಅವ್ನ ಮ್ಯಾಜಿಕ್ಕು."

ಎಲ್ಲರೂ ರುದ್ರೇಶನ ಬೆನ್ನು ತಟ್ಟಿದರು. ಅವನು ಎದೆಯುಬ್ಬಿಸಿ ನಿಂತಿದ್ದ. ಹೊರಡುವಾಗ ಗಿರಿಜೆ ನನ್ನ ಕಿವಿಯಲ್ಲಿ ಹೇಳಿದಳು: "ಮುಂದ್ಲ ಸಲ ಅಕ್ಕಿ ಒಳಗ ಮುಚ್ಚಿ ಹಾಕ್ರಿ, ಅಜ್ಜಿ."

ಮದುವೆಯಾದ ಮೇಲೆ ಆ ಮನೆಯಲ್ಲಿ ಶೋ ಯಾರದ್ದು ಎಂದು ನಾನು ಬಿಡಿಸಿ ಹೇಳಬೇಕೇ?