ಟೈಲರ್ ಮಾತಾಡಿದ ಬೆಳಿಗ್ಗೆ

ನಾನು ಮೊದಲು ಕಂಡಾಗ ಟೈಲರ್ ಅವರ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಹಸಿರು ಕೂತಿತ್ತು. ಆ ಹಸಿರನ್ನು ನೆನಪು ಆಮೇಲೆ ಬಳಿದದ್ದೂ ಇರಬಹುದು.

ಅಜ್ಜಂಪುರದ ಅವರ ಹೊಲಿಗೆ ಅಂಗಡಿಗೆ ಭಾನುವಾರ ಕಾಮಾಲೆಯವರು ಬರುತ್ತಿದ್ದರು. ಬಂದವರನ್ನು ಟೈಲರ್ ಬಾಗಿಲ ಬೆಳಕಿಗೆ ನಿಲ್ಲಿಸಿ, ಕಣ್ಣಿನ ಪಕ್ಕ ಬಿಳಿ ಬಟ್ಟೆಯ ತುಂಡು ಹಿಡಿದು ಹಳದಿ ಎಷ್ಟೆಂದು ನೋಡುತ್ತಿದ್ದರು. ಮಜ್ಜಿಗೆಯಲ್ಲಿ ಅರೆದ ನೆಲನೆಲ್ಲಿ ಕೊಟ್ಟು, "ಮುಂದಿನ ವಾರಾನೂ ಹಿಂಗೇ ಇದ್ರೆ ಡಾಕ್ಟ್ರ ಹತ್ರ ಹೋಗು ಕಣೋ. ನಾನು ಚಡ್ಡಿ ಹೊಲಿಯೋನು" ಎನ್ನುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ಇದೇ ಗಿಡದ ಸಾರವನ್ನು ಹೆಪಟೈಟಿಸ್ ಬಿ ಇರುವವರ ಸೀರಮ್ಮಿಗೆ ಬೆರೆಸಿ, ವೈರಸ್ಸಿನ ಅಂಶ ತಗ್ಗುತ್ತದೆಯೇ ಎಂದು ನೋಡುವ ಕೆಲಸ. ಟೈಲರ್ ಗಿಡ ತೋರಿಸಲು ಒಪ್ಪಿದರು. ಆದರೆ ಕೀಳಲು ಕೂತಾಗಿನಿಂದ ಮನೆ ಮುಟ್ಟುವವರೆಗೆ ಅವರು ಮಾತಾಡುವಂತಿಲ್ಲ. ಒಮ್ಮೆ ಮಾತಾಡಿದವನ ಕೈಯ ಔಷಧಿಗೆ ಮತ್ತೆಂದೂ ಗುಣವಿಲ್ಲ ಎಂದು ಅವರ ತಂದೆ ಹೇಳಿದ್ದರಂತೆ. ಕೆರೆ ಏರಿಯ ಕೆಳಗೆ ಒಂದು ಗಿಡ ಕಿತ್ತು ತೋರಿಸಿ, ತಮ್ಮ ಪಾಲಿನದನ್ನು ಕೀಳತೊಡಗಿದರು. ನಾನು ಅಂಥವನ್ನೇ ಚೀಲ ತುಂಬಿಕೊಂಡೆ. ಬೀರೂರಿನ ಬಸ್ಸು ಬಂತು, ಓಡಿ ಹತ್ತಿದೆ. ಅವರು ಎರಡೂ ಕೈ ಬೀಸುತ್ತಿದ್ದರು. ನಾನೂ ಬೀಸಿದೆ.

ಲ್ಯಾಬಿನಲ್ಲಿ ಏನೂ ಆಗಲಿಲ್ಲ. ಇನ್ನೊಂದು ಸಲ ಹೀಗಾದರೆ ವಿಷಯವನ್ನೇ ಬಿಡಬೇಕೆಂದರು ನನ್ನ ಗೈಡ್. ಉಳಿದ ಗಿಡ ಹಿಡಿದು ಟೈಲರ್ ಅಂಗಡಿಗೆ ವಾಪಸ್ಸು ಬಂದು ಎಲ್ಲ ಹೇಳಿದೆ.

"ಇದು ಕೆಂಪು ಕಡ್ಡೀದು ಕಣಪ್ಪಾ. ಕಾಯಿ ಮುಟ್ಟಿ ನೋಡು, ತರಿತರಿ. ನಮ್ಮದು ನುಣ್ಣಗಿರುತ್ತೆ. ಬೇಡ ಬೇಡ ಅಂತ ಕೈ ಆಡಿಸ್ದೆ, ನೀನು ಟಾಟಾ ಮಾಡ್ಕೊಂಡು ಹೋದೆ."

ಮಾರನೆಯ ಬೆಳಿಗ್ಗೆ ಮತ್ತೆ ಕೂತೆವು. ನಾನೊಂದು ಗಿಡಕ್ಕೆ ಕೈ ಹಾಕಿದೆ.

"ಅದಲ್ಲ."

ಬೆಚ್ಚಿ ಅವರ ಮುಖ ನೋಡಿದೆ.

"ನನ್ನೇನ್ ನೋಡ್ತೀಯ, ಗಿಡ ನೋಡು. ಈ ಸಲಾನೂ ತಪ್ಪಿದ್ರೆ ನಿನ್ ಓದು ಹೋಯ್ತು."

ಚೀಲ ತುಂಬುವವರೆಗೂ ಮಾತಾಡಿದರು. ಎಷ್ಟೋ ವರ್ಷದ ಮೌನ ಒಡೆಯಿತೆಂದು ಬರೆಯಲು ಆಸೆಯಾಗುತ್ತದೆ. ಅವರು ಹೇಳಿದ್ದು ಕಾಯಿ, ಕಡ್ಡಿ, ಮತ್ತೆ ಕಾಲರ್ ಕೂರಿಸುವ ಕಷ್ಟ.

ಈ ಸಲ ವೈರಸ್ಸಿನ ಅಂಶ ತಗ್ಗಿತು. ಟ್ಯೂಬಿನಲ್ಲಿ ಮಾತ್ರ, ಮನುಷ್ಯರ ಮೈಯಲ್ಲಿ ಏನಾಗುತ್ತದೋ ತಿಳಿಯದು ಎಂದು ಹೋಗಿ ಟೈಲರ್‌ಗೆ ಹೇಳಿದೆ. "ಅಷ್ಟಾದ್ರೂ ಆಯ್ತಲ್ಲ" ಎಂದು ನಕ್ಕರು.

ಅವರು ತೀರಿಕೊಂಡ ಮೇಲೆ ಹೋದಾಗ ಹೊಲಿಗೆ ಮಿಷನ್ನಿನ ಮುಂದೆ ಮಗಳಿದ್ದಳು. ಈಗ ಗಿಡ ಕೀಳುವವರು ಯಾರೆಂದು ಕೇಳಿದೆ.

"ನಾನೇ. ನೀವು ಎರಡನೇ ಸಲ ಬಂದು ಹೋದಾಗಿಂದ್ಲೂ ನಾನೇ. ಅಪ್ಪ 'ನಾನು ಮಾತಾಡ್ಬಿಟ್ಟಿದೀನಿ, ಇನ್ನು ಆ ಗಿಡ ಮುಟ್ಟಲ್ಲ' ಅಂದ್ಬಿಟ್ರು."

"ನನಗೆ ಹೇಳಲೇ ಇಲ್ಲ."

"ಹೇಳಿದ್ರೆ ಚೀಲ ಬಿಟ್ಟು ಹೋಗ್ತಿದ್ರಾ?"

ಬಿಟ್ಟು ಹೋಗುತ್ತಿದ್ದೆ ಎಂದು ಈಗ ಬರೆಯುವುದು ಸುಲಭ. ಇಲ್ಲ, ತೆಗೆದುಕೊಂಡೇ ಹೋಗುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು.