ಬೆಲ್ಲದ ಪೆಂಟಿ ಮತ್ತು ಲೇಥಿನಣ್ಣನ ಮುಳ್ಳು

ಮೊಮ್ಮಗಳು ಇಂಜಿನಿಯರ್ ಆಗಿ ಸೇತುವೆ ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ಮೊನ್ನೆ ಅಂಗೈಯಗಲದ ಯಂತ್ರವೊಂದನ್ನು ನನ್ನ ಉಡಿಯಲ್ಲಿಟ್ಟು, “ಆಯಿ, ಭಾರಕ್ಕ ಸೇತುವಿ ಎಷ್ಟ ಬಾಗತೈತಿ ಅಂತ ಇದು ಹೇಳತೈತಿ” ಎಂದಳು. ನನಗೆ ಹಿಡಿಸಲಾರದಷ್ಟು ಸಂತೋಷ. ಅದರ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಓಣಿಯಲ್ಲಿ ಲೇಥ್ ಯಂತ್ರದ ಮೇಲೆ ಕಬ್ಬಿಣ ಕಡೆಯುತ್ತಿದ್ದ ಲೇಥಿನಣ್ಣ ಕಣ್ಣ ಮುಂದೆ ಬಂದ…

ಎಂಬತ್ತರ ದಶಕ. ಕಾಗವಾಡದ ಕಡೆ ಎಲ್ಲರೂ ದ್ರಾಕ್ಷಿ ಹಚ್ಚುತ್ತಿದ್ದ ಕಾಲ. ಹಣ್ಣಿನ ಭಾರಕ್ಕೆ ಯಾರದೋ ಚಪ್ಪರ ಕುಸಿದು ಬೆಳೆಯೆಲ್ಲ ನೆಲಕಚ್ಚಿತ್ತು. ಅದನ್ನು ಕಂಡ ಮೇಲೆ ಅಣ್ಣನಿಗೆ ನಿದ್ದೆಯಿಲ್ಲ. ಸೈಕಲ್ಲಿನ ಮೇಲೆ ತೋಟಕ್ಕೆ ಒಯ್ಯುವಂಥ ಅಳತೆಯ ಸಾಧನ ಮಾಡಲು ಕುಳಿತ. ಎರಡು ಕಾಲಿನ ಪಟ್ಟಿ, ನಡುವೆ ಮೊಳೆ, ಮೇಲೆ ಗಡಿಯಾರದಂಥ ಬಿಲ್ಲೆ. ಕಬ್ಬಿಣ ಬಾಗಿದಷ್ಟು ಮುಳ್ಳು ತಿರುಗುತ್ತಿತ್ತು.

ನಮ್ಮದೂ ಆಗ ಹೊಸ ಚಪ್ಪರ, ಮೊದಲ ಫಸಲು. ಅದು ಬಿದ್ದರೆ ನಾವೂ ಬಿದ್ದಂತೆ. ಆ ಚಪ್ಪರದ್ದೇ ಒಂದು ಕಬ್ಬಿಣದ ಆಂಗಲ್ಲನ್ನು ಅಣ್ಣ ನಮ್ಮ ಅಂಗಳದಲ್ಲಿ ಅಡ್ಡ ಕಟ್ಟಿ, ಮೇಲೆ ಸಾಧನ ಕೂರಿಸಿ, ಗಾಣದಿಂದ ಬಂದ ಬೆಲ್ಲದ ನಾಲ್ಕು ಪೆಂಟಿಗಳನ್ನು ತೂಗಹಾಕಿದ. ಒಂದೇ ಅಚ್ಚಿನ ಮುದ್ದೆಗಳು, ಒಂದೇ ತೂಕ. ಮುಳ್ಳು ತಿರುಗಿತು. ಚಹಾ ಕುಡಿದು ಬರುವಷ್ಟರಲ್ಲಿ ಅರ್ಧ ಹಿಂದೆ ಬಂದಿತ್ತು.

“ತಂಗಿ, ಗಟ್ಟಿ ಕಬ್ಬಿಣಾ ನೋಡ. ಬಾಗಿ ತಾನ ಎದ್ದೈತಿ” ಎಂದು ಕುಣಿದಾಡಿದ.

ಒಳಗಿನಿಂದ ನಮ್ಮತ್ತೆ, “ಸದಲಗಾದಿಂದ ಬೀಗರು ಬಂದಾರ ತಮ್ಮಾ. ಬೆಲ್ಲಾ ನೀರಾ ಕೊಡಬಾರದೇನ? ಎರಡ ಪೆಂಟಿ ಬಿಚ್ಚೀನಿ. ನಿನ್ನ ಕಬ್ಬಿಣಕ್ಕೇನ ಹಸಿವೈತೇನ?” ಎಂದರು.

“ಆತ ಬಿಡ್ರಿ ಯವ್ವಾ. ಬೀಗರು ಹೋಗೂತನಾ ಕಬ್ಬಿಣಾ ಉಪಾಸ ಇರ್ಲಿ” ಎಂದು ಅಣ್ಣ ನಕ್ಕ.

ಮರುದಿನ ಉಸುಕಿನ ಚೀಲ ಕಟ್ಟಿದ. ಚೀಲವೆಲ್ಲ ಇಳಿಸಿದರೂ ಮುಳ್ಳು ಮೊದಲಿನ ಜಾಗಕ್ಕೆ ಬರಲೇ ಇಲ್ಲ. ಅಣ್ಣನ ನಗು ಆರಿತು.

“ಭಾರ ಇಳಿದ್ರೂ ಇದು ಸೆಟದ ನಿಲ್ಲವಲ್ದು ತಂಗಿ. ಹಣ್ಣ ತುಂಬಿದ್ರ ಚಪ್ಪರಾ ಕುಂತ ಬಿಡತೈತಿ. ನಡುವ ಒಂದೊಂದ ಕಲ್ಲಗಂಬಾ ಕೊಡ್ರಿ.”

“ಕಂಬಾ ನೆಟ್ರ ಎತ್ತು ತಿರಗೂದೆಲ್ಲಿ?” ಎಂದು ನಮ್ಮ ಯಜಮಾನರು ಗೊಣಗಿದರು. ಆದರೂ ನೆಟ್ಟರು. ಆ ವರ್ಷ ಹಣ್ಣು ತಲೆಗೆ ತಾಗುವಂತೆ ಜೋತಿತು, ಚಪ್ಪರ ಅಲ್ಲಾಡಲಿಲ್ಲ. ಆಮೇಲೆ ಅಂಕಲಿ, ಪಾಲಬಾವಿ ಎಂದು ಎಲ್ಲರೂ ಅಣ್ಣನನ್ನು ಕರೆದೊಯ್ದರು. ಇನ್ನೂ ಹಗುರಾದ ಸಾಧನ ಮಾಡಬೇಕು ಎನ್ನುತ್ತಿದ್ದ… ಎದೆನೋವು ಬಂದದ್ದೊಂದು ನೆಪ, ಹೋಗಿಬಿಟ್ಟ.

ಆ ದ್ರಾಕ್ಷಿಯಲ್ಲೇ ಮಗ ಬೆಳೆದ, ಮೊಮ್ಮಗಳು ಓದಿದಳು. ನಿನ್ನೆ ಓಣಿಗೆಲ್ಲ ಪೇಢೆ ಹಂಚಿದೆ. ಲೇಥಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಕಾಲು ಅಲ್ಲಿಯೂ ನಿಂತವು. ಅಂಗಡಿಯವನ ಕೈಯಲ್ಲಿ ಎರಡು ಪೇಢೆ ಇಟ್ಟೆ.

“ನಾ ಒಬ್ಬನ ಅದೀನ್ರಿ ಆಯಿ” ಎಂದ.

“ಇರ್ಲಿ, ತಿನ್ನಪಾ” ಎಂದೆ.