ಸೆಲೆಕ್ಷನ್ ದಿನ ನಾಯಕಿ ಕಿವಿಯಲ್ಲಿ ಹೇಳಿದ ಮಾತು

ಮೇ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಗೋಣಿಕೊಪ್ಪಲಿನ ಮೈದಾನದಲ್ಲಿ ನಾನು, ನಾನು ತರಬೇತಿ ಕೊಡುವ ಹುಡುಗಿಯರ ಹಾಕಿ ತಂಡ, ಎದುರಾಳಿ ತಂಡ, ಅಂಪೈರ್‌ಗಳು ಮತ್ತು ಮೈಸೂರಿನಿಂದ ಬಂದಿದ್ದ ಸೆಲೆಕ್ಟರ್. ಸ್ಪೋರ್ಟ್ಸ್ ಹಾಸ್ಟೆಲ್‌ಗೆ ಅವರು ನಮ್ಮಿಂದ ಒಬ್ಬಳನ್ನು ಮಾತ್ರ ಆರಿಸುವವರಿದ್ದರು.

ಸ್ಪರ್ಧೆ ಇದ್ದದ್ದು ಇಬ್ಬರಲ್ಲಿ. ನಾಯಕಿ ನನ್ನ ಮೊಮ್ಮಗಳು. ಇನ್ನೊಬ್ಬಳು ಕಾಫಿ ತೋಟದ ಕೂಲಿಕಾರರ ಲೈನ್‌ಮನೆಯಿಂದ ಬರುವ ಡಿಫೆಂಡರ್. ಆಟದಲ್ಲಿ ಅವಳೇ ಒಂದು ಕೈ ಮೇಲು, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಸೈನ್ಯದಲ್ಲಿ ಕಲಿತ ಕ್ರಮವನ್ನು ಇಬ್ಬರಿಗೂ ಕಲಿಸಿದ್ದೆ: ಓಡುವಾಗ ಸೀಟಿ ಊದಿದರೆ ಅಲ್ಲೇ ನಿಲ್ಲಬೇಕು, ಚೆಂಡು ಕಾಲ ಮುಂದಿದ್ದರೂ ಮುಟ್ಟಬಾರದು. ಡಿಫೆಂಡರ್ ಬಹಳ ಸುಧಾರಿಸಿದ್ದಳು. ಕುಡಿಯುವ ಅಪ್ಪನ ವಿಷಯ ಎತ್ತಿದರೆ ಮಾತ್ರ ಹತೋಟಿ ತಪ್ಪುತ್ತಿತ್ತು. ಅದನ್ನು ನಾಯಕಿಗೆ ತಿಳಿಸಿ, ಎದುರಾಳಿಗಳು ಕೆಣಕಿದರೆ ಅವಳ ಪಕ್ಕ ಹೋಗಿ ನಿಲ್ಲು ಎಂದಿದ್ದೆ.

ವಿರಾಮದವರೆಗೆ ಸೆಲೆಕ್ಟರ್ ಕಣ್ಣು ಡಿಫೆಂಡರ್ ಮೇಲೆಯೇ ಇತ್ತು. ವಿರಾಮದ ನಂತರ, ಚೆಂಡು ಕಸಿದು ನಕ್ಕ ಎದುರಾಳಿಯ ಮೊಣಕಾಲಿಗೆ ಅವಳು ಸ್ಟಿಕ್ ಬೀಸಿದಳು. ಕೆಂಪು ಕಾರ್ಡ್. ತಲೆತಗ್ಗಿಸಿ ಹೊರಗೆ ಬಂದು ಕುಳಿತಳು.

ಆಟ ಮುಗಿದ ಮೇಲೆ ಗೋಲ್‌ಕೀಪರ್ ನನ್ನನ್ನು ಪಕ್ಕಕ್ಕೆ ಕರೆದಳು. ನಿನ್ನಪ್ಪ ಕುಡಿದು ಗೇಟಿನ ಹೊರಗೆ ಬಿದ್ದಿದ್ದಾನೆ, ಜನ ನಗುತ್ತಿದ್ದಾರೆ ಎಂದು ವಿರಾಮದಲ್ಲಿ ನಾಯಕಿ ಡಿಫೆಂಡರ್ ಕಿವಿಯಲ್ಲಿ ಹೇಳಿದ್ದು ತನಗೆ ಕೇಳಿಸಿತು ಎಂದಳು. ಗೇಟಿನವರೆಗೆ ಹೋಗಿ ನೋಡಿದೆ. ಯಾರೂ ಇರಲಿಲ್ಲ. ಯಾರೂ ಬಂದೇ ಇರಲಿಲ್ಲ ಎಂದು ಅಲ್ಲಿನ ಚಹಾ ಅಂಗಡಿಯವನು ಹೇಳಿದ.

ಮೊಮ್ಮಗಳು ಶೂ ಬಿಚ್ಚುತ್ತಿದ್ದಳು. ಕೇಳಿದರೆ ಮುಚ್ಚಿಡಲಿಲ್ಲ.

“ಹೌದಜ್ಜ, ನಾನೇ ಹೇಳಿದ್ದು. ಒಂದು ಮಾತು ತಡ್ಕೊಳ್ಳಕ್ಕಾಗದವಳು ಹಾಸ್ಟೆಲ್‌ಗೆ ಹೋಗಿ ಏನು ಮಾಡ್ತಾಳೆ?”

ಮೈದಾನದಲ್ಲಿ ನನ್ನನ್ನು ಸರ್ ಎನ್ನಬೇಕೆಂಬುದು ನಿಯಮ. ಅಂದು ಅಜ್ಜ ಎಂದಳು. ಅದನ್ನೂ ಯೋಚಿಸಿಯೇ ಅಂದಳೆಂದು ನನಗೆ ಈಗಲೂ ಅನಿಸುತ್ತದೆ.

ಸೆಲೆಕ್ಟರ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಸ್ಟಿಕ್ ಬೀಸಿದವಳು ಡಿಫೆಂಡರೇ ಅಲ್ಲವೇ ಎಂದು ಕೇಳಿದರು. ಮೊಮ್ಮಗಳ ತಲೆ ತಣ್ಣಗಿದೆ, ಅಂಥವಳೇ ಬೇಕು ಎಂದು ಅವಳನ್ನು ಆರಿಸಿ ಹೊರಟರು. ತಡೆದುಕೊಳ್ಳುವುದನ್ನು ಕಲಿತವರಿಗೆ ಒಳ್ಳೆಯತನವೂ ಜೊತೆಗೇ ಬರುತ್ತದೆಂದು ಇಷ್ಟು ವರ್ಷ ನಂಬಿದ್ದೆ. ಸೀಟಿಗೆ ನಿಲ್ಲುವ ನನ್ನ ಕಸರತ್ತನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಮೊಮ್ಮಗಳೇ.

ಡಿಫೆಂಡರ್ ಹುಡುಗಿಯನ್ನು ಜೀಪಿನಲ್ಲಿ ಲೈನ್‌ಮನೆಯ ಹತ್ತಿರ ಬಿಟ್ಟೆ. ಇಳಿಯುವ ಮೊದಲು ಅವಳು ನನ್ನ ಕಡೆ ತಿರುಗಿದಳು.

“ಅಪ್ಪನ ವಿಷ್ಯ ಬಂದ್ರೆ ನಂಗೆ ತಡೆಯಕ್ಕಾಗಲ್ಲ ಅಂತ ನಿಮಗೊಬ್ರಿಗೇ ಹೇಳಿದ್ದೆ ಸರ್.”

“ಹೌದು. ಅವಳಿಗೆ ಹೇಳಿದ್ದು ನಾನೇ” ಎಂದೆ.

ಅವಳು ಬ್ಯಾಗ್ ಹೆಗಲಿಗೇರಿಸಿ ನಡೆದಳು. ನಾಳೆ ಪ್ರಾಕ್ಟೀಸ್‌ಗೆ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ.

ಮನೆಗೆ ಬಂದು ತಂಡದ ಸ್ಟಿಕ್‌ಗಳನ್ನು ಇಳಿಸಿ, ಒರೆಸಿ, ಷೆಡ್ಡಿನಲ್ಲಿ ಜೋಡಿಸಿಟ್ಟೆ. ಮೊಮ್ಮಗಳದ್ದನ್ನು ಮಣ್ಣಿದ್ದ ಹಾಗೆಯೇ ಅವಳ ಕೋಣೆಯ ಬಾಗಿಲಿಗೆ ಒರಗಿಸಿದೆ.